ಕಣ್ಣೆಂಜಲಾಗದ ನೀಲಿ ಕಲ್ಲು

ನನ್ನ ನಾದಿನಿಯ ಮಂಚದ ಕೆಳಗೆ ಅರ್ಧ ಸಹ್ಯಾದ್ರಿ ಇತ್ತು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಆದರೆ ಪುಣೆಯ ನಮ್ಮ ಕೋಥ್ರೂಡಿನ ಫ್ಲ್ಯಾಟಿಗೆ ಕಸ ಗುಡಿಸಲು ಬರುತ್ತಿದ್ದ ಕೆಲಸದವಳನ್ನು ಕೇಳಿ ನೋಡಿ, ಅರ್ಧವಲ್ಲ, ಇಡೀ ಸಹ್ಯಾದ್ರಿಯೇ ಇತ್ತು ಎಂದು ಆಣೆ ಮಾಡಿ ಹೇಳುತ್ತಾಳೆ. ಆ ಮಂಚದ ಕೆಳಗೆ ಪೊರಕೆ ಹೋದದ್ದನ್ನು ನಾನಂತೂ ಕಂಡಿಲ್ಲ.

ನಾದಿನಿ ಎಂದರೆ ನಮ್ಮ ಯಜಮಾನರ ಅಕ್ಕ, ನನಗೂ ಅಕ್ಕಾ ಅವರೇ. ಮದುವೆ ಮಾಡಿಕೊಳ್ಳಲಿಲ್ಲ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ, ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ರಿಟೈರ್ ಆಗಿ ನಮ್ಮೊಡನೆ ಬಂದು ಇದ್ದರು. ರಿಟೈರ್ ಆದ ಹೆಂಗಸರು ಏನು ಮಾಡುತ್ತಾರೆ ಹೇಳಿ? ಭಜನಾ ಮಂಡಳಿ, ಹಪ್ಪಳ, ಸಂಡಿಗೆ, ತಮ್ಮನ ಹೆಂಡತಿಯ ಅಡಿಗೆಯಲ್ಲಿ ಉಪ್ಪು ಅಳೆಯುವುದು, ಎಲ್ಲವೂ ರೆಸ್ಪೆಕ್ಟಬಲ್ ಉದ್ಯೋಗಗಳೇ. ಇವರು ಮಾತ್ರ ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿ, ಇಲಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು, ಸಿಟಿ ಬಸ್ಸು ಹತ್ತಿ ವಾಘೋಲಿಯ ಕಲ್ಲುಗಣಿಗೆ ಹೋಗುತ್ತಿದ್ದರು!

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಲೇಡಿಯಾದವಳು ಹೇಗೆ ಕೂರಬೇಕು, ಹೇಗೆ ಸೀನಬೇಕು, ಸೂಪನ್ನು ಸದ್ದಿಲ್ಲದೆ ಹೇಗೆ ಕುಡಿಯಬೇಕು ಎಂದು ನಮ್ಮ ಸಿಸ್ಟರುಗಳು ಹೇಳಿಕೊಟ್ಟಿದ್ದರು. ಸುತ್ತಿಗೆ ಹಿಡಿದ ನಾದಿನಿಯ ಪಕ್ಕದಲ್ಲಿ ಬಸ್ಸಿನಲ್ಲಿ ಹೇಗೆ ಕೂರಬೇಕೆಂಬುದು ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ. ಹಾಗಾಗಿ ಆ ಬಸ್ಸನ್ನು ನಾನು ಬಹಳ ಕಾಲ ಹತ್ತಲೇ ಇಲ್ಲ.

ಅವರು ಹುಡುಕುತ್ತಿದ್ದ ಹರಳಿಗೆ ಕ್ಯಾವನ್ಸೈಟ್ ಎಂದು ಹೆಸರು. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್, ಈ ಮೂರರ ಹೆಸರಿನ ಚೂರುಗಳನ್ನು ಜೋಡಿಸಿ ಯಾರೋ ಪಂಡಿತರು ಇಟ್ಟದ್ದು. ಜಗತ್ತಿನಲ್ಲಿ ಎಲ್ಲೋ ಕೆಲವೇ ಕಡೆ ಸಿಗುತ್ತದಂತೆ. ಅದರಲ್ಲಿ ಕಣ್ಣು ಕೋರೈಸುವಂಥದ್ದು ನಮ್ಮ ಪುಣೆಯ ಮಗ್ಗುಲಿನ ವಾಘೋಲಿಯದ್ದೇ ಅಂತೆ. ಅಕ್ಕಾ ಅವರ ಬಾಯಿಯಲ್ಲಿ ಅದು ನೀಲವ್ವ. ಅವರು ಹುಟ್ಟಿ ಬೆಳೆದ ಧಾರವಾಡದ ಓಣಿಯ ಯಾರೋ ಹೆಣ್ಣುಮಗಳು ಪುಣೆಗೆ ಬಂದು ಕಳೆದುಹೋಗಿದ್ದಾಳೆ, ಇವರು ಹುಡುಕಲು ಹೊರಟಿದ್ದಾರೆ ಎಂಬ ಹಾಗೆ!

ಅದರ ಜನ್ಮವೃತ್ತಾಂತವನ್ನು ನಾನು ಕೇಳಿದ್ದು ಒಲೆಯ ಮುಂದೆ, ಹಂಚಿನ ಮೇಲೆ ದೋಸೆ ಇದ್ದಾಗ.

"ನೋಡು, ದ್ವಾಶಿ ಮ್ಯಾಲೆ ಹೆಂಗ ತೂತು ಬೀಳತಾವ, ಹಂಗ ಲಾವಾದಾಗ ಗುಳ್ಳಿ ಎದ್ದಿದ್ವು. ಲಾವಾ ಆರಿ ಕರೇ ಕಲ್ಲಾತು, ಗುಳ್ಳಿ ಖಾಲಿ ಖೋಲಿ ಆಗಿ ಉಳದ್ವು. ಆ ಖೋಲ್ಯಾಗ ಬಿಸಿನೀರು ಹೊಕ್ಕು ಹರಳು ಕಟ್ಟಿದ್ವು. ಮೊದಲ ಬಿಳೀ ಸ್ಟಿಲ್ಬೈಟಿನ ಹಾಸಿಗಿ. ಅದರ ಮ್ಯಾಲೆ ನಮ್ಮ ನೀಲವ್ವ ಬಂದು ಕುಂತಳು."

"ದ್ವಾಶಿ ಹೊತ್ತಲಿಕ್ಹತ್ತದ್ರಿ ಅಕ್ಕಾರ!"

"ಹೊತ್ತಲಿ ಬಿಡು. ಅದೂ ಕರೇ ಕಲ್ಲಾಗ್ತದ."

ನಮ್ಮ ಯಜಮಾನರು ಪಿಂಪ್ರಿಯ ಕಾರ್ಖಾನೆಯಿಂದ ದಣಿದು ಬಂದು ಬೂಟು ಬಿಚ್ಚುವಾಗ ಒಂದು ಕಲ್ಲು ಎಡವದ ದಿನವಿರಲಿಲ್ಲ. "ಅಕ್ಕಾ, ನಿನ್ನ ನೀಲವ್ವ ಸಿಗೂದ್ರೊಳಗ ಈ ಬಿಲ್ಡಿಂಗ್ ನೆಲಕ್ಕ ಕೂಡ್ರತದ," ಎನ್ನುವರು. "ಕುಂತರ ಕೂಡ್ರಲಿ, ಕೆಳಗ ಬುನಾದಿಗೆ ಬಸಾಲ್ಟಿನ ಕರೇ ಕಲ್ಲು ಅದ," ಎಂದು ಅವರ ಉತ್ತರ. ಅಕ್ಕ ತಮ್ಮ ಇಬ್ಬರೂ ನಗುವರು. ಎಡವಿದ ಹೆಬ್ಬೆರಳಿಗೆ ಅರಿಶಿನ ಹಚ್ಚುವವಳು ನಾನು.

ಒಂದು ಸಂಕ್ರಾಂತಿಗೆ ಏನಾಯಿತು ಗೊತ್ತೇ? ಪುಣೆಯಲ್ಲಿ ಆ ಹಬ್ಬದ ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಏನಾದರೂ ವಸ್ತು ಕೊಡಬೇಕು, ವಾಣ ಎನ್ನುತ್ತಾರೆ. ಸ್ಟೀಲಿನ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ, ಹಣಿಗೆ, ಹೀಗೆ. ಆ ವರ್ಷ ನಾನು ಬಟ್ಟಲು ತರುವುದರೊಳಗೆ ಅಕ್ಕಾ ಅವರು ಮಂಚದ ಕೆಳಗಿನಿಂದ ಎರಡು ಬಕೆಟ್ ಎಳೆದು, ಬಿಳಿ ಹರಳುಗಲ್ಲುಗಳನ್ನೆಲ್ಲ ತೊಳೆದು ಒಣಗಿಸಿ ಸಾಲಾಗಿ ಇಟ್ಟಿದ್ದರು. ಬಂದವರಿಗೆಲ್ಲ ಎಳ್ಳುಂಡೆಯ ಜೊತೆಗೆ ಒಂದೊಂದು ಕಲ್ಲು! ಮರಾಠಿ ಹೆಂಗಸರು ಬಹಳ ಸುಸಂಸ್ಕೃತರು. "ಛಾನ್, ಛಾನ್" ಎಂದು ಹೊಗಳಿ ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಮರುದಿನ ನೋಡುತ್ತೇನೆ, ಬಿಲ್ಡಿಂಗಿನ ಯಾವ ಬಾಗಿಲೂ ಗಾಳಿಗೆ ಬಡಿದುಕೊಳ್ಳುತ್ತಿಲ್ಲ. ಪ್ರತಿಯೊಂದಕ್ಕೂ ಅಡ್ಡವಾಗಿ ಒಂದೊಂದು ಸ್ಟಿಲ್ಬೈಟ್!

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸಬಹುದಿತ್ತು. ರಥಸಪ್ತಮಿಯ ಹೊತ್ತಿಗೆ ನಾನು ಎರಡು ಓಣಿ ಆಚೆಯ ಒಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದೆ. ಅವರು ಬಾಯಿತುಂಬ ನಕ್ಕು ನನ್ನ ಕೈಗೆ ವಾಣ ಕೊಟ್ಟರು. ಮೂಲೆಯಲ್ಲಿ ಸಣ್ಣ ಚಕ್ಕೆ ಹಾರಿದ ನಮ್ಮದೇ ಕಲ್ಲು! ಎಷ್ಟು ಮನೆ ಸುತ್ತಿ ಬಂದಿತ್ತೋ! ಅಕ್ಕಾ ಅವರಿಗೆ ತಂದು ಕೊಟ್ಟರೆ, "ಬಂದಿ ಏನವಾ, ಊರೆಲ್ಲಾ ನೋಡಿ ಬಂದಿ?" ಎಂದು ಅದನ್ನು ಮತ್ತೆ ಮಂಚದ ಕೆಳಗೆ ಮಲಗಿಸಿದರು.

ಇನ್ನು ಎದುರು ಫ್ಲ್ಯಾಟಿನ, ಕಾಕೂ ಎಂದು ನಾವು ಕರೆಯುತ್ತಿದ್ದ ಮರಾಠಿ ಹೆಂಗಸಿನ ಕಥೆ. ಅಕ್ಕಾ ಅವರ ಹತ್ತಿರ ನೀಲವ್ವನ ಒಂದು ತುಂಡು ಇತ್ತು, ಯಾರೋ ವ್ಯಾಪಾರಿಯಿಂದ ಕೊಂಡದ್ದು. ಬಿಳಿ ಹರಳಿನ ಮೇಲೆ ನೀಲಿ ಮುಳ್ಳುಚೆಂಡುಗಳು. ಕಾಕೂ ಅದನ್ನು ನೋಡಿದ್ದೇ, "ಅಗಬಾಯಿ, ನೀಲಮ್!" ಎಂದರು. ಅವರ ಮಗನಿಗೆ ಸಾಡೇಸಾತಿ ನಡೆದಿತ್ತು. ಶನಿಗೆ ನೀಲಮಣಿಯ ಉಂಗುರ ಆಗಿಬರುತ್ತದೋ ಇಲ್ಲವೋ ಎಂದು ಮೊದಲು ತಲೆದಿಂಬಿನ ಕೆಳಗಿಟ್ಟು ಮಲಗಿ ಕನಸು ಪರೀಕ್ಷೆ ಮಾಡಬೇಕಲ್ಲ? ಇದು ನೀಲಮಣಿಯಲ್ಲ, ಉಂಗುರಕ್ಕೆ ಕೂರಿಸುವಂಥದ್ದಲ್ಲ, ಚಾಕು ತಾಕಿದರೆ ಗೀರು ಬೀಳುವಷ್ಟು ಮೆತ್ತಗೆ, ಉಗುರು ತಗುಲಿದರೆ ಎಸಳು ಉದುರುವಷ್ಟು ನಾಜೂಕು ಎಂದು ಅಕ್ಕಾ ಅವರು ಮರಾಠಿಯಲ್ಲಿ ಒಂದು ಪೀರಿಯಡ್ ಪಾಠ ಮಾಡಿದರು. ಕಾಕೂ ತಲೆ ಆಡಿಸಿದರು. ಅಕ್ಕಾ ಅವರು ಸ್ನಾನಕ್ಕೆ ಹೋದ ಕೂಡಲೇ ಕಲ್ಲು ಎತ್ತಿಕೊಂಡು ಹೋದರು.

ಬೆಳಿಗ್ಗೆ ತಲೆದಿಂಬು ಹಿಡಿದುಕೊಂಡೇ ಬಂದರು. ಮಗನ ತಲೆಯ ಭಾರಕ್ಕೆ ನೀಲವ್ವ ಪುಡಿಪುಡಿ! ದಿಂಬಿನ ಕವರಿಗೆ ನೀಲಿ, ಹುಡುಗನ ಕಿವಿಯೊಳಗೂ ನೀಲಿ. ಕಾಕೂ ಅಳುವುದೊಂದು ಬಾಕಿ. ಅಕ್ಕಾ ಅವರು ಮರಾಠಿಯಲ್ಲಿ ಸಮಾಧಾನ ಹೇಳಿ, ಚಹಾ ಕುಡಿಸಿ, ಕಳಿಸಿ, ಬಾಗಿಲು ಹಾಕಿದ ಮೇಲೆ ಕನ್ನಡಕ್ಕೆ ಬಂದರು. "ಛೊಲೋ ಆತು. ಏಳೂವರಿ ವರ್ಷದ ಶನಿ ಒಂದ ರಾತ್ರ್ಯಾಗ ಹಿಟ್ಟಾದ."

ನಾನು ದಂಗಾದೆ. "ನಿಮಗ ಕೆಟ್ಟ ಅನಸಲಿಲ್ಲೇನ್ರಿ?"

"ಅನಸ್ತು. ಆದ್ರ ಅದು ಕೊಂಡದ್ದು. ಕಣ್ಣೆಂಜಲ."

"ಹಂಗಂದ್ರ?"

"ತಗದಾಂವ ನೋಡ್ಯಾನ, ಮಾರಾಂವ ನೋಡ್ಯಾನ. ಅವರೆಲ್ಲಾರ ಕಣ್ಣು ಉಂಡು ಬಿಟ್ಟದ್ದು ನನಗ ಬಂದದ. ಆ ಖೋಲಿ ಅದ ನೋಡು, ಲಾವಾ ಆರಿದಾಗಿಂದ ಅದರಾಗ ಬೆಳಕ ಹೊಕ್ಕಿಲ್ಲ. ನಾ ಒಡೀಬೇಕು, ನನ್ನ ಕಣ್ಣು ಮೊದಲ ಬೀಳಬೇಕು. ಒಂದ ಸಲ ಸಾಕು. ಆಮ್ಯಾಲೆ ಯಾರರೆ ಒಯ್ಲಿ."

ಎಂಜಲು ಮುಸುರೆ ಎಂದು ನಮ್ಮ ಅತ್ತೆಯವರು ತಟ್ಟೆ ಲೋಟಕ್ಕೆ ಮಡಿ ಹಿಡಿದದ್ದನ್ನು ಕಂಡಿದ್ದೆ. ನೋಟಕ್ಕೂ ಎಂಜಲುಂಟು ಎಂದವರು ಇವರೊಬ್ಬರೇ! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅವರು ನಗಲಿಲ್ಲ.

ಹೀಗೆ ವರ್ಷಗಳು ಹೋದವು. ವಾರಕ್ಕೊಮ್ಮೆ ಬಸ್ಸು, ವಾಘೋಲಿ, ಬರಿಗೈ. ಬರಿಗೈ ಎಂದರೆ ಚೀಲದ ತುಂಬ ಕಲ್ಲು, ನೀಲಿ ಮಾತ್ರ ಇಲ್ಲ. ಗಣಿಯ ಮೇಸ್ತ್ರಿ ಮುಕಾದಮ ಇವರನ್ನು ಕಂಡರೆ, "ಆಜೀ ಆಲ್ಯಾ!" ಅಜ್ಜಿ ಬಂದರು ಎಂದು ಕೂಗಿ, ಬಂಡೆಗೆ ಇಟ್ಟ ಸುರುಂಗದ ಮದ್ದು ಹಾರಿಸಿ ಧೂಳು ಇಳಿಯುವವರೆಗೆ ದೂರ ಕೂರಿಸಿ, ಆಮೇಲೆ ಒಳಗೆ ಬಿಡುತ್ತಿದ್ದನಂತೆ. ಆಗ ವಾಘೋಲಿ ಎಂದರೆ ಜೋಳದ ಹೊಲ, ಬಾವಿ, ಕಲ್ಲುಪುಡಿ ಮುಚ್ಚಿದ ಬೇವಿನ ಮರಗಳು. ಈಗ ಅಲ್ಲಿ ಸ್ವಿಮ್ಮಿಂಗ್ ಪೂಲ್ ಇರುವ ಟವರುಗಳಿವೆ. ನನಗಿನ್ನೂ ಆ ಬಿಳಿ ಬೇವಿನ ಮರಗಳೇ ಕಣ್ಣಿಗೆ ಬರುತ್ತವೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ನಮ್ಮ ಯಜಮಾನರು ಹೋಗಿಬಿಟ್ಟರು. ಹಾರ್ಟು. ಊಟ ಮಾಡಿ ಕೈ ತೊಳೆಯಲು ಎದ್ದವರು. ಅದಾದ ಮೇಲೆ ನಾನು ಹೊಸ್ತಿಲು ದಾಟಲಿಲ್ಲ. ಅಡಿಗೆ ಮಾಡುತ್ತಿದ್ದೆ, ಬಟ್ಟೆ ಮಡಚುತ್ತಿದ್ದೆ, ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ, ವೆರಿ ಕರೆಕ್ಟಾಗಿ. ಅಕ್ಕಾ ಅವರೂ ಗಣಿಗೆ ಹೋಗುವುದನ್ನು ಬಿಟ್ಟರು. ತಮ್ಮ ಎಡವುತ್ತಿದ್ದ ಕಲ್ಲುಗಳನ್ನೆಲ್ಲ ಬಾಗಿಲಿನಿಂದ ತೆಗೆದು ಒಳಗಿಟ್ಟರು. ವರ್ಷ ತಿರುಗಿತು.

ಒಂದು ಬೆಳಿಗ್ಗೆ ಮುಕಾದಮನ ಫೋನು ಬಂತು. ಆ ಗಣಿಯನ್ನು ಬಿಲ್ಡರಿಗೆ ಕೊಟ್ಟಾಗಿದೆ, ಮಣ್ಣು ತುಂಬುತ್ತಾರೆ, ಕಡೆಯ ಸುರುಂಗ ಇವತ್ತು. ಅಕ್ಕಾ ಅವರು ನನ್ನ ಮುಂದೆ ಒಂದು ಜೋಡಿ ಕ್ಯಾನ್ವಾಸ್ ಬೂಟು ತಂದಿಟ್ಟರು.

"ಏಳು."

"ನಾ ಯಾಕ್ರಿ?"

"ನನ್ನ ಮೊಣಕಾಲು ಹೋಗ್ಯಾವ. ಚೀಲಾ ಹಿಡೀಲಿಕ್ಕ ಯಾರರೆ ಬೇಕು."

ಹೋದೆ. ಧೂಳು ಇಳಿದ ಮೇಲೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ಹೆಗಲು ಹಿಡಿದು ಅವರು ಇಳಿದರು. ಹೊಸದಾಗಿ ಒಡೆದ ಕಪ್ಪು ಕಲ್ಲಿನ ರಾಶಿ, ಇನ್ನೂ ಮದ್ದಿನ ವಾಸನೆ. ಒಂದೊಂದನ್ನೇ ಸವರುತ್ತ, ಬಡಿಯುತ್ತ ಹೋದರು. ಬಿಸಿಲು ಏರಿತು. ನನ್ನ ಚೀಲ ಖಾಲಿಯೇ ಇತ್ತು. ಕಡೆಗೆ ಒಂದು ಬಂಡೆಯ ಹತ್ತಿರ ನಿಂತರು. ಎರಡು ಸಲ ಬಡಿದು ಕಿವಿಗೊಟ್ಟರು. ಮೆಲ್ಲಗೆ ಇನ್ನೊಂದು ಪೆಟ್ಟು. ಒಂದು ಚಕ್ಕೆ ಉದುರಿತು. ಹಿಂದೆ, ಮುಷ್ಟಿ ಹಿಡಿಯುವಷ್ಟು ಕತ್ತಲು.

ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ಟಾರ್ಚು ಹೊತ್ತಿಸಿ ತೂತಿಗೆ ಹಿಡಿದರು. ಬಗ್ಗಿದರು. ಬಗ್ಗಿದವರು ಒಳಗೆ ಕಣ್ಣು ಬೀಳುವ ಮೊದಲೇ ಥಟ್ಟನೆ ಮುಖ ಈಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಪಕ್ಕಕ್ಕೆ ಸರಿದರು.

"ಬಾ. ನೀ ನೋಡು."

"ಅಯ್ಯ, ಅಕ್ಕಾರ! ನೀವ ಮೊದಲ ನೋಡಬೇಕಲ್ರಿ!"

"ಕಣ್ಣು ಮುಚ್ಚೇನಿ ನಾ. ಲಗೂನ ನೋಡು, ತಡಕೊಳ್ಳಿಕ್ಕ ಆಗವಲ್ದು!"

ನೋಡಿದೆ. ಮಲ್ಲಿಗೆ ಮೊಗ್ಗು ತುಂಬಿಟ್ಟ ಹಾಗೆ ಬಿಳಿ ಹರಳಿನ ಪುಟ್ಟ ಕೋಣೆ, ಅದರ ನಡುವೆ ಒಂದು ನೀಲಿ. ಶಾಯಿಯಲ್ಲ, ನವಿಲಲ್ಲ, ಆಕಾಶವೂ ಅಲ್ಲ. ಯಾವ ಸೀರೆಯಲ್ಲೂ ಕಾಣದ ನೀಲಿ, ಇನ್ನೂ ಒದ್ದೆಯಾಗಿದೆಯೋ ಎಂಬಂತೆ ಮಿನುಗುತ್ತಿತ್ತು. ನನ್ನ ಬಾಯಿಂದ ಕಾನ್ವೆಂಟಿನ "ಓ ಮೈ ಗಾಡ್!" ಹೊರಟೇಹೋಯಿತು, ಅದೂ ಲೇಡಿಯಾದವಳು ಕೂಗಬಾರದಷ್ಟು ಜೋರಾಗಿ. ಅದರ ಹಿಂದೆಯೇ ನಗು. ನಿಲ್ಲಿಸಲಾಗಲಿಲ್ಲ.

"ನೀಲವ್ವ ಅದಾಳ್ರಿ ಅಕ್ಕಾರ! ನೋಡ್ರಿ, ನೋಡ್ರಿ ಇಲ್ಲೆ!"

ತಿರುಗಿದರೆ ಅವರು ಯಾವಾಗಲೋ ಕಣ್ಣು ತೆರೆದಿದ್ದರು. ಟಾರ್ಚು ತೂತಿನ ಕಡೆಗಿತ್ತು. ನೋಟ ಅತ್ತ ಇರಲಿಲ್ಲ.

"ನೋಡ್ತೀನಿ ತಡಿಯವಾ," ಎಂದರು. "ಅಕಿ ಎಲ್ಲಿ ಓಡಿಹೋಗ್ತಾಳ? ನಾ ನಿನ್ನ ನಗೂ ಮಾರಿ ನೋಡಲಿಕ್ಹತ್ತೀನಿ."