ಭಾವ ಬಳ್ಳಿಗಳಿಗೆ ಇಟ್ಟ ಪರೀಕ್ಷೆ

ಇಡೀ ಚಾಮರಾಜಪೇಟೆಯಲ್ಲಿ ಮಲ್ಲಿಗೆ ಬಳ್ಳಿಯನ್ನು ಫೇಲು ಮಾಡಿದ ಮೇಷ್ಟ್ರು ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ! ಗುಬ್ಬಿಯಿಂದ ಬಂದ ನನ್ನನ್ನು ಮನೆಯಲ್ಲಿಟ್ಟುಕೊಂಡು, ಮೂವತ್ತನಾಲ್ಕನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದ ಲೆಕ್ಕದ ಮೇಷ್ಟ್ರು ಅವರು. ನನ್ನನ್ನೇ ದಡ ಹತ್ತಿಸಿದವರ ಕೈಯಲ್ಲಿ ಪಾಪದ ಮಲ್ಲಿಗೆ ಫೇಲಾಗಬಹುದೆ? ಆಯಿತು!

ವಿಷಯ ಇಷ್ಟೆ. ನಮ್ಮಕ್ಕ, ಅಂದರೆ ಅವರ ಹೆಂಡತಿ, ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. "ಇನ್ನು ಮನೇಲೇ ಚೆನ್ನಾಗಿ ನೋಡ್ಕೊಳ್ಳಿ" ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಆ ಮಾತಿನ ಅರ್ಥ ತಿಳಿಯಲು ಎಸ್ಸೆಸ್ಸೆಲ್ಸಿ ಬೇಕಾಗಿಲ್ಲ. ಅವಳ ಕಿಟಕಿಯ ಎದುರಿಗೇ ಕಾಂಪೌಂಡ್ ಗೋಡೆ. ಪಕ್ಕದವರು ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವಾಗ ಅಲ್ಲಿದ್ದ ಪಾರಿಜಾತ ಕಡಿದು, ಸಿಮೆಂಟ್ ಇಟ್ಟಿಗೆ ಪೇರಿಸಿ ಗೋಡೆ ಎತ್ತರಿಸಿದ್ದರು.

"ಸ್ಮಶಾನದ ಕಾಂಪೌಂಡ್ ಇದ್ದ ಹಾಗಿದೆ ಕಣ್ರೀ. ಸ್ವಲ್ಪ ಮುಂಚೇನೇ ತಂದು ಮಲಗಿಸಿಬಿಟ್ರಾ?" ಎಂದು ಅಕ್ಕ ನಕ್ಕಳು.

ಭಾವ ನಗಲಿಲ್ಲ. ಅವಳು ಕಣ್ಣು ಮುಚ್ಚುವುದರೊಳಗೆ ಆ ಗೋಡೆ ಹಸಿರಾಗಬೇಕೆಂದು ಹಟ ಹಿಡಿದರು.

ಮೊದಲು ಗೋಡೆಗೇ ಪರೀಕ್ಷೆ. ಒಂದು ಭಾನುವಾರ ಪೂರ್ತಿ ಚಾಕ್‌ಪೀಸ್ ಹಿಡಿದು, ಗಂಟೆಗೊಂದು ಸಲ ಬಿಸಿಲಿನ ಅಂಚಿಗೆ ಗೆರೆ ಎಳೆದರು. ಎಡಕ್ಕೆ ಎರಡೂವರೆ ಗಂಟೆ ಬಿಸಿಲು, ಬಲಕ್ಕೆ ಸೊನ್ನೆ! ಪಕ್ಕದ ಕಟ್ಟಡದ ವಾಚ್‌ಮನ್ ಇಣುಕಿ, "ಗೋಡೆ ಬಿರುಕು ಬಿಟ್ಟಿದ್ಯಾ ಸಾರ್?" ಎಂದು ಗಾಬರಿಯಿಂದ ಕೇಳಿದ.

ಆಮೇಲೆ ನರ್ಸರಿ. ಅಂಗಡಿಯವನು ಪುಟಾಣಿ ಎಲೆಗಳ, ಗೋಡೆಗೆ ಅಂಟಿಕೊಂಡೇ ಹಬ್ಬುವ ಬಳ್ಳಿಯೊಂದನ್ನು ಎತ್ತಿ ತೋರಿಸಿದ. "ನೆರಳಿಗೆ ಇದೇ ಬೆಸ್ಟು ಸಾರ್. ಮೂರು ವರ್ಷ ಕೊಡಿ, ಗೋಡೇನೇ ಕಾಣಲ್ಲ."

"ಮೂರು ವರ್ಷ ನಮ್ಮ ಹತ್ರ ಇಲ್ವಲ್ಲಪ್ಪಾ."

"ಯಾಕೆ ಸಾರ್, ಮನೆ ಮಾರ್ತಿದೀರಾ?"

ಭಾವ ಅದರ ಜೊತೆಗೆ ಮಲ್ಲಿಗೆ, ಶಂಖಪುಷ್ಪದ ಕುಂಡಗಳನ್ನೂ ಕೊಂಡರು. ಕೈಗಾಡಿಯಲ್ಲಿ ಸಿಕ್ಕ ಬಸಳೆ ಸೊಪ್ಪಿನ ಕಟ್ಟಿನಿಂದ ಅಕ್ಕ ಎರಡು ದಂಟು ತೆಗೆದಿಡಿಸಿದ್ದಳು, ಅವನ್ನೂ ಊರಿದ್ದಾಯಿತು. ಹಳೇ ಹಾಜರಿ ಪುಸ್ತಕ ಹೊರಗೆ ಬಂತು. ಮಲ್ಲಿಗೆ: "ಬಿಸಿಲಿಲ್ಲ ಎಂಬ ನೆಪ. ಫೇಲು." ಶಂಖಪುಷ್ಪ: "ಸದಾ ಎಡಗಡೆಯ ಬಿಸಿಲಿಗೇ ಇಣುಕುತ್ತದೆ. ಕಾಪಿ ಹೊಡೆಯುವ ಬುದ್ಧಿ. ಫೇಲು." ಅಂಟುಬಳ್ಳಿಯನ್ನು ನೋಡಿ, "ಶ್ರದ್ಧೆ ಇದೆ, ಆದ್ರೆ ಭಾಳ ನಿಧಾನ, ನಿನ್ನ ಥರ" ಎಂದು ನನ್ನ ಕಡೆ ತಿರುಗಿದರು!

ಪಾಸಾದದ್ದು ಬಸಳೆ. ಹೂವಿನ ಅಂದವಿಲ್ಲ, ಪರಿಮಳವಿಲ್ಲ, ಆದರೆ ವಾರಕ್ಕೊಂದು ಗೇಣು. ದಿನಾ ಬೆಳಿಗ್ಗೆ ಹತ್ತಕ್ಕೆ ಭಾವ ಚಾಕ್‌ಪೀಸ್ ಸಮೇತ ಹಾಜರು.

"ಒಂದೂವರೆ ಇಂಚು ಕಣೇ!"

"ರೀ, ನೀವೇ ಅಡ್ಡ ನಿಂತ್ರೆ ನಂಗೇನು ಕಾಣತ್ತೆ?"

ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಕಿಟಕಿಯ ಮಟ್ಟಕ್ಕೆ ಬಂದ ಬಸಳೆ ಅಲ್ಲಿಂದ ಮೇಲೇರಲೇ ಇಲ್ಲ! ಕುಡಿಗಳು ಮಾಯ. ಭಾವ ಅಳಿಲನ್ನು ಬೈದರು, ವಾಚ್‌ಮನ್‌ನನ್ನು ಗುಮಾನಿಯಿಂದ ನೋಡಿದರು. ಮಧ್ಯಾಹ್ನ ಬಸಳೆ ಹುಳಿ ಚಪ್ಪರಿಸಿ ಉಂಡು, "ಯಾವ ಕಳ್ಳನೋ!" ಎನ್ನುತ್ತಾ ಕೈ ತೊಳೆದರು. ಸೊಪ್ಪು ಮಾರ್ಕೆಟ್‌ನದು ಎಂದು ನಾನು ಹೇಳಿದ್ದೆ.

ಕಳ್ಳ ನಾನೇ. ಮಾಡಿಸಿದವಳು ಅಕ್ಕ. ಅವಳು ಎರಡು ಚಮಚಕ್ಕಿಂತ ಹೆಚ್ಚು ಉಣ್ಣುತ್ತಿರಲಿಲ್ಲ, ಹುಳಿ ಬರೀ ನೆಪ.

"ಅಕ್ಕಾ, ಗೋಡೆ ತುಂಬೋದು ಬೇಡ್ವಾ ನಿಂಗೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ತುಂಬಿದ್ರೆ ಅವರು ಅಳೆಯೋಕೆ ಬರ್ತಾರೇನೋ ದಡ್ಡ? ಒಳಗೆ ಬಂದ್ರೆ ನನ್ನ ಮುಖ ನೋಡಕ್ಕಾಗ್ದೆ ಔಷಧಿ ಸೀಸೆ ನೋಡ್ತಾ ಕೂತ್ಕೋತಾರೆ. ಅಲ್ಲಿ ನಿಂತಾಗ ಮಾತ್ರ ನನ್ನ ಹತ್ರ ಮಾತಾಡ್ತಾರೆ. ಹೋಗು, ಕುಡಿ ಚಿವುಟು."

ಚಿವುಟಿದೆ. ಅವಳು ಇರುವ ತನಕ ಚಿವುಟಿದೆ.

ಅವಳು ಹೋದ ಮೇಲೆ ಕೇಳುವವರಿಲ್ಲದೆ ಬಸಳೆ ಎರಡೇ ತಿಂಗಳಲ್ಲಿ ಗೋಡೆ ತುಂಬಿ ಆಚೆಗೆ ಬಾಗಿತು. ಚಾಕ್ ಗೆರೆಗಳೆಲ್ಲ ಎಲೆಯಡಿಗೆ ಹೋದವು. ಆದರೂ ಹತ್ತು ಗಂಟೆಗೆ ಭಾವ ಬಂದು ನಿಂತರು. ಕೈಯಲ್ಲಿ ಚಾಕ್‌ಪೀಸ್, ಗೆರೆ ಎಳೆಯಲು ಜಾಗವಿಲ್ಲ.

"ಪಾಸಾಯ್ತು ಕಣಯ್ಯ" ಎಂದರು. ಹುಡುಗನೊಬ್ಬ ಫೇಲಾದಾಗಲೂ ಆ ದನಿ ಕೇಳಿರಲಿಲ್ಲ ನಾನು.

ನಾನು ಸ್ಟೂಲು ತಂದು ಹತ್ತಿ, ಅವರ ಕಣ್ಣೆದುರಿಗೇ ಬಳ್ಳಿಗಳನ್ನು ಕಿಟಕಿಯ ಮಟ್ಟಕ್ಕೆ ಕತ್ತರಿಸುತ್ತಾ ಹೋದೆ.

"ನೀನಾ!"

"ಅಕ್ಕ ಹೇಳಿದ್ಲು ಭಾವಾ. ನೀವು ನಾಳೆನೂ ಅಳೆಯೋಕೆ ಬರ್ಬೇಕು ಅಂತ."

ಭಾವ ಬಳ್ಳಿಯ ಹೊಸ ತುದಿಗೆ ಸರಿಯಾಗಿ ಗೋಡೆಯ ಮೇಲೆ ಗೆರೆ ಎಳೆದು, ಕಿಟಕಿಯ ಕಡೆ ತಿರುಗಿದರು.

"ಇವತ್ತು ಇಷ್ಟೇ ಕಣೇ. ನಾಳೆ ನೋಡೋಣ."