ಕಾಡತೂಸಿನ ಹೆಗಲು ಮತ್ತು ನನ್ನ ಕೆನ್ನೆ

ನಮ್ಮ ಕಸುಬಿನವರು ಯಾರೂ ಬಾಯಿಬಿಟ್ಟು ಹೇಳದ ಒಂದು ಗುಟ್ಟು ಹೇಳಿಬಿಡುತ್ತೇನೆ. ಬಿಗಿಯಾಗಿ ಮಾಡಿಕೊಟ್ಟ ಸಾಮಾನು ಅದೇ ದಿನ ಮಧ್ಯಾಹ್ನದೊಳಗೆ ಬೈಗುಳ ಸಮೇತ ವಾಪಸು ಬರುತ್ತದೆ. ಸಡಿಲವಾಗಿ ಮಾಡಿಕೊಟ್ಟದ್ದು ಸಲೀಸಾಗಿ ಕೂತುಕೊಳ್ಳುತ್ತದೆ, ಗಿರಾಕಿ ಬೆನ್ನು ತಟ್ಟಿ ಹೋಗುತ್ತಾನೆ. ಅದು ಗಡಗಡ ಅನ್ನಲು ಶುರುಮಾಡುವುದು ವರ್ಷದ ಮೇಲೆ. ಅಷ್ಟರಲ್ಲಿ ನಾವು ರಜೆ ಹಾಕಿ ಬೆಳಗಾವಿಯಲ್ಲಿ ಕುಂದಾ ತಿನ್ನುತ್ತಿರುತ್ತೇವೆ. ಇಲ್ಲಿ ಗಲ್ಫಿನ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಲೇತು, ಗ್ರೈಂಡಿಂಗ್ ಅಂತ ನಿಂತು ನಿಂತು ನನ್ನ ಕೈ ತಾನಾಗಿಯೇ ‘ಒಂದು ಚೂರು ಸಡಿಲ ಇರಲಿ’ ಎನ್ನುವುದನ್ನು ಕಲಿತುಬಿಟ್ಟಿದೆ. ಇದನ್ನು ನಾನು ಅನುಭವ ಎಂದು ಕರೆಯುತ್ತಿದ್ದೆ. ನಮ್ಮೂರಲ್ಲಿ ಸ್ಕೂಲಿನ ಅಂಗಿ ಹೊಲಿಸುವಾಗಲೂ ಹೀಗೇ, ಬೆಳೆಯುವ ಹುಡುಗ ಎಂದು ನಾಲ್ಕು ಬೆರಳು ಜಾಸ್ತಿ ಬಿಡಿಸುತ್ತಿದ್ದರು. ಆ ಅಂಗಿ ಮೈಗೆ ಸರಿಹೋಗುವ ಹೊತ್ತಿಗೆ ಕಾಲರು ಹರಿದಿರುತ್ತಿತ್ತು, ಆ ಮಾತು ಬೇರೆ.

ಅಬು ಸಾಲಿಂ ನಮ್ಮ ವರ್ಕ್‌ಶಾಪಿಗೆ ಬಂದದ್ದು ಒಂದು ಸೋಮವಾರ. ಅರವತ್ತು ದಾಟಿದ ಎಮಿರಾತಿ, ತೆಳ್ಳಗಿನ ಆಳು, ನಮಗಿಂತ ಚೆನ್ನಾಗಿ ಹಿಂದಿ ಆಡುತ್ತಾರೆ. ಪರವಾನಗಿ ಇರುವ ಒಂದು ಶೂಟಿಂಗ್ ಕ್ಲಬ್ಬಿನ ರೈಫಲ್ಲುಗಳ ಉಸ್ತುವಾರಿ ಅವರದು, ಗುರಿ ಹೊಡೆಯುವುದು ಅವರದೇ ಹುಚ್ಚು. ಒಂದು ಕೈಪ್ರೆಸ್ಸು, ಅದಕ್ಕೆ ಕೂರಿಸುವ ಉಕ್ಕಿನ ಅಚ್ಚು ಅಂದರೆ ಡೈ, ನಲವತ್ತು ಖಾಲಿ ಕಾಡತೂಸುಗಳನ್ನು ಮೇಜಿನ ಮೇಲಿಟ್ಟರು. ಮದ್ದು, ಗುಂಡು ಎಲ್ಲ ಕ್ಲಬ್ಬಿನ ಬೀಗದೊಳಗೇ ಇರುತ್ತವೆ, ನನ್ನ ಪಾಲಿಗೆ ಬರುವುದು ಬರೀ ಹಿತ್ತಾಳೆ ಎಂದು ಮೊದಲೇ ಹೇಳಿದರು. ಇದನ್ನು ನಾನು ಮನೆಯಲ್ಲೂ ಮೊದಲೇ ಹೇಳಬೇಕಿತ್ತು. ಸಂಜೆ ಊಟಕ್ಕೆ ಕೂತಾಗ ಬಂದೂಕಿನ ಕೆಲಸ ಬಂದಿದೆ ಎಂದು ಗತ್ತಿನಲ್ಲಿ ಶುರುಮಾಡಿದರೆ ಮಗಳು ತಟ್ಟೆಯಿಂದ ತಲೆಯೆತ್ತಿ, “ಅಪ್ಪಾ, ಈಸ್ ದಟ್ ಈವನ್ ಲೀಗಲ್?” ಅಂದಳು. ಹೆಂಡತಿ ಸುಧಾ ಮಾತ್ರ ಹೆದರಲಿಲ್ಲ. ಗೋಡೆಗೆ ಕ್ಯಾಲೆಂಡರಿನ ಮೊಳೆ ನೆಟ್ಟಗೆ ಹೊಡೆಯಲು ಬಾರದವರಿಗೆ ಬಂದೂಕು ಯಾರು ಕೊಡುತ್ತಾರೆ ಎಂಬುದು ಅವಳ ಧೈರ್ಯ.

ಕೆಲಸ ಏನೆಂದರೆ ಇಷ್ಟು. ರೈಫಲ್ಲಿನ ಕಾಡತೂಸು ಒಂದು ಪುಟ್ಟ ಹಿತ್ತಾಳೆ ಬಾಟಲಿ. ಅದಕ್ಕೆ ಕುತ್ತಿಗೆ ಇದೆ, ಹೆಗಲೂ ಇದೆ. ಗುಂಡು ಹಾರಿದಾಗ ಈ ಬಾಟಲಿ ಉಬ್ಬಿ, ತಾನು ಕೂತ ರೈಫಲ್ಲಿನ ಗೂಡಿನ ಆಕಾರವನ್ನೇ ತಾಳುತ್ತದೆ. ಅದನ್ನು ಮತ್ತೆ ಬಳಸಬೇಕೆಂದರೆ ಡೈಯೊಳಗೆ ಒತ್ತಿ ಹೆಗಲನ್ನು ಒಂದಿಷ್ಟು ಕೆಳಗೆ ಕೂರಿಸಬೇಕು. ಒಂದಿಷ್ಟು ಎಂದರೆ ಇಂಚಿನ ಸಾವಿರದಲ್ಲಿ ಎರಡು ಭಾಗ, ಕೂದಲೆಳೆಗಿಂತ ತೆಳು. ಕಡಿಮೆ ಒತ್ತಿದರೆ ಗೂಡಿನ ಹಿಂಬದಿಯ ಅಗುಳಿ, ಅಂದರೆ ರೈಫಲ್ಲಿನ ಬೋಲ್ಟು, ಮುಚ್ಚುವುದಿಲ್ಲ. ಕ್ಲಬ್ಬಿನಲ್ಲಿ ಆಗುತ್ತಿದ್ದುದೂ ಅದೇ. ಅಬು ಸಾಲಿಂ ಬೋಲ್ಟನ್ನು ಅಂಗೈಯಿಂದ ಗುದ್ದಿ ಗುದ್ದಿ ಸಾಕಾಗಿ ಬಂದಿದ್ದರು. ಡೈಯನ್ನು ಎಷ್ಟು ಇಳಿಸಬೇಕೋ ನೋಡಿ ಕೂರಿಸಿ, ನಲವತ್ತನ್ನೂ ಒತ್ತಿಕೊಡಿ ಉಸ್ತಾದ್ ಎಂದರು. ಉಸ್ತಾದ್ ಎಂದು ಕರೆಸಿಕೊಂಡವನು ಪ್ರಶ್ನೆ ಕೇಳುವುದು ಹೇಗೆ? ಡೈಯ ಡಬ್ಬಿಯಲ್ಲಿದ್ದ ಚೀಟಿ ಓದಿದೆ. ಡೈಯನ್ನು ಕಾಡತೂಸು ಕೂರುವ ಕೆಳಗಿನ ಹಿಡಿಕೆಗೆ ತಾಗುವವರೆಗೆ ತಿರುಗಿಸಿ, ಮೇಲೆ ಇನ್ನೊಂದು ಚೂರು ತಿರುಗಿಸಿ ಎಂದಿತ್ತು. ‘ಇನ್ನೊಂದು ಚೂರು’ ಎಂಬುದು ನನ್ನ ಮಾತೃಭಾಷೆ. ಅವರ ಚೂರಿಗೆ ನನ್ನದೊಂದು ಚೂರು ಸೇರಿಸಿ, ಲಾಕ್ ನಟ್ ಬಿಗಿದು, ಮರುದಿನ ಮಧ್ಯಾಹ್ನದೊಳಗೆ ನಲವತ್ತನ್ನೂ ಒತ್ತಿ ಪ್ರೆಸ್ಸಿನ ಸಮೇತ ಕೊಟ್ಟೆ.

ಬುಧವಾರ ಅವರ ಫೋನು ಬಂತು. ಬೋಲ್ಟು ಬೆಣ್ಣೆಯ ಹಾಗೆ ಮುಚ್ಚುತ್ತಿದೆ, ಭಾನುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಸ್ಪರ್ಧೆ, ಎಲ್ಲಕ್ಕೂ ಮದ್ದು ತುಂಬುತ್ತೇನೆ, ನಿಮ್ಮ ಹೆಸರು ಹೇಳಿ ಗೆಲ್ಲುತ್ತೇನೆ ಎಂದರು. ಆ ವಾಕ್ಯವನ್ನು ನಾನು ಸುಧಾಳಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಅವಳು ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನನಗೊಂದು ಕೆಟ್ಟ ಕುತೂಹಲವಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುವುದು. ಮಗಳ ರಬ್ಬರು, ಹೋಟೆಲಿನ ಪರೋಟ, ಏನೂ ಬಿಟ್ಟವನಲ್ಲ. ಅಬು ಸಾಲಿಂ ಮೊದಲ ದಿನ ತೋರಿಸಲು ತೆಗೆದ ಇನ್ನೊಂದು ಕಾಡತೂಸು, ಅವರ ರೈಫಲ್ಲಿನಲ್ಲಿ ಹಾರಿ ಉಬ್ಬಿದ್ದು, ನನ್ನ ಮೇಜಿನ ಮೇಲೇ ಉಳಿದಿತ್ತು. ಶನಿವಾರ ಚಹಾದ ಹೊತ್ತಿನಲ್ಲಿ ಸುಮ್ಮನಿರಲಾರದೆ ಅದರ ಹೆಗಲಿನ ಎತ್ತರ ಅಳೆದೆ. ಆಮೇಲೆ, ಒತ್ತಿದ ದಿನ ನಲವತ್ತರ ಅಳತೆಯನ್ನು ನಾನೇ ಬರೆದಿಟ್ಟಿದ್ದ ಹಾಳೆ ನೋಡಿದೆ. ವ್ಯತ್ಯಾಸ ಎರಡಲ್ಲ, ಹತ್ತು. ಚಹಾ ಅಲ್ಲೇ ತಣ್ಣಗಾಯಿತು.

ಬೋಲ್ಟು ಬೆಣ್ಣೆಯ ಹಾಗೆ ಮುಚ್ಚಿದ್ದು ಕೆಲಸ ಚೆನ್ನಾಗಿ ಆಗಿದ್ದಕ್ಕಲ್ಲ, ಕಾಡತೂಸು ಗೂಡಿನಲ್ಲಿ ಅಲ್ಲಾಡುತ್ತಿದ್ದುದಕ್ಕೆ. ಅಷ್ಟು ಜಾಗ ಸಿಕ್ಕಿದರೆ ಹಿತ್ತಾಳೆ ಪ್ರತಿ ಸಲವೂ ಹಿಗ್ಗುತ್ತದೆ, ಬುಡದ ಹತ್ತಿರ ತೆಳುವಾಗುತ್ತ ಹೋಗುತ್ತದೆ, ಒಂದು ದಿನ ಅಲ್ಲಿಯೇ ಹರಿದು ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಹಾರಿಸುವವನ ಕೆನ್ನೆ, ಕಣ್ಣು. ಹೊಸ ಹಿತ್ತಾಳೆಯಾದರೆ ನಾಲ್ಕಾರು ಸಲ ತಡೆದೀತು. ಇವು ಆಗಲೇ ನಾಲ್ಕಾರು ಸಲ ಹಾರಿದ್ದವು. ನನ್ನ ಸಡಿಲ ಕೆಲಸಕ್ಕೆ ವರ್ಷದ ವಾಯಿದೆ ಇರುತ್ತದೆ ಎಂದು ನಂಬಿದ್ದೆನಲ್ಲ, ಈ ಸಲ ವಾಯಿದೆ ನಾಳೆ ಬೆಳಿಗ್ಗೆಯೇ ಇತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಫೋನು ಮಾಡಿದರೆ ಅವರು ಎತ್ತುತ್ತಿಲ್ಲ. ಹೇಳದಿದ್ದರೂ ನಡೆದೀತು, ಏನೂ ಆಗಲಿಕ್ಕಿಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಾಗ ಸುಧಾ ಎಲ್ಲಿಗೆ ಎಂದಳು. ತಪ್ಪು ಒಪ್ಪಿಕೊಳ್ಳಲು ಎಂದೆ. “ಹಂಗಾರ ಇಸ್ತ್ರಿ ಅಂಗಿ ಯಾಕ್ರಿ, ಮಾಸಿದ್ದು ಹಾಕ್ಕೊಂಡ್ ಹೋಗ್ರಿ, ಕನಿಕರಾನರ ಬಂದೀತು,” ಅಂದಳು.

ಕ್ಲಬ್ಬಿನಲ್ಲಿ ಅಬು ಸಾಲಿಂ ತಮ್ಮ ಕೆಲಸದ ಕೋಣೆಯಲ್ಲೇ ಸಿಕ್ಕರು. ತುಂಬಿದ ನಲವತ್ತು ಕಾಡತೂಸುಗಳು ಡಬ್ಬಿಯಲ್ಲಿ ಸಾಲಾಗಿ ಹೊಳೆಯುತ್ತಿದ್ದವು. ನಾನು ನಿಂತೇ ಎಲ್ಲ ಹೇಳಿದೆ, ನನ್ನ ಚೂರಿನ ಸಮೇತ. ಅವರು ಬೈಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಬೀಗದ ಕಪಾಟಿನೊಳಗೆ ಇಟ್ಟು, “ಖಲಾಸ್,” ಎಂದರು. ಸ್ಪರ್ಧೆಯಿಂದ ತಮ್ಮ ಹೆಸರು ತೆಗೆಯಿರಿ ಎಂದು ಯಾರಿಗೋ ಕೂಗಿ ಹೇಳಿದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು. ಆಮೇಲೆ ಪ್ರೆಸ್ಸಿನ ಮುಂದೆ ನನ್ನನ್ನು ಕೂರಿಸಿ, ಕ್ಲಬ್ಬಿನಲ್ಲೇ ಒತ್ತದೇ ಉಳಿದಿದ್ದ ಹಿಡಿಯಷ್ಟು ಬೇರೆ ಖಾಲಿ ಕಾಡತೂಸು ಮುಂದಿಟ್ಟರು.

ಈ ಸಲ ಚೀಟಿ ನೋಡಲಿಲ್ಲ. ಡೈಯನ್ನು ಪೂರ್ತಿ ಮೇಲೆತ್ತಿ, ಕೂದಲೆಳೆಯಷ್ಟು ಇಳಿಸಿ, ಒತ್ತಿ, ಅಳೆದು, ಮತ್ತೆ ಕೂದಲೆಳೆ. ಪ್ರತಿ ಸಲವೂ ಅವರು ಆ ಖಾಲಿ ಹಿತ್ತಾಳೆಯನ್ನು ತಮ್ಮ ರೈಫಲ್ಲಿಗೆ ಇಟ್ಟು ಬೋಲ್ಟನ್ನು ನನ್ನ ಕೈಯಿಂದಲೇ ಮುಚ್ಚಿಸಿದರು. ಮೊದಮೊದಲು ಮುಚ್ಚಲೇ ಇಲ್ಲ. ಕೊನೆಗೊಮ್ಮೆ ಬೋಲ್ಟಿನ ಹಿಡಿ ಇಳಿಯಿತು, ಆದರೆ ಇಳಿಯುವ ಕೊನೆಯಲ್ಲಿ ಬೆರಳಿಗೆ ಒಂದು ಸಣ್ಣ ತಡೆ ತಿಳಿಯಿತು. ಅಳೆದರೆ ಎರಡು. ಅಷ್ಟು ವರ್ಷದ ಕಸುಬಿನಲ್ಲಿ ಬಿಗಿಗೂ ಸಡಿಲಿಗೂ ನಡುವೆ ಹೀಗೊಂದು ಜಾಗವಿದೆ ಎಂದು ನನ್ನ ಬೆರಳಿಗೆ ಗೊತ್ತಿರಲಿಲ್ಲ. ಖುಷಿಯಲ್ಲಿ ಇನ್ನೂ ನಾಲ್ಕು ಸಲ ತೆರೆದು ಮುಚ್ಚಿದೆ.

ಅಬು ಸಾಲಿಂ ಅದಕ್ಕೆ ಮದ್ದು ತುಂಬಿ, ಗುಂಡು ಕೂರಿಸಿ, ನನ್ನನ್ನು ಹೊರಗೆ ಗುರಿ ಹೊಡೆಯುವ ಕಟ್ಟೆಗೆ ಕರೆದುಕೊಂಡು ಹೋದರು. ಕಿವಿಗೆ ಮುಚ್ಚಿಗೆ, ಕಣ್ಣಿಗೆ ಕನ್ನಡಕ ಕೊಟ್ಟರು. ನೋಡಲು ಇರಬೇಕು ಎಂದುಕೊಂಡೆ. ರೈಫಲ್ಲನ್ನು ನನ್ನ ಕಡೆಗೇ ಚಾಚಿದರು. “ಡೈ ಕೂರಿಸಿದವನೇ ಮೊದಲ ಗುಂಡು ಹಾರಿಸಬೇಕು ಉಸ್ತಾದ್. ಇಲ್ಲಿನ ಪದ್ಧತಿ. ಸೋಮವಾರವೇ ನಿಮ್ಮನ್ನು ಕರೆಸಬೇಕಿತ್ತು, ತಪ್ಪು ನನ್ನದು. ಯಲ್ಲಾ, ಶುರುಮಾಡಿ.”

ನಾನು ಒಂದು ನಿಮಿಷ ಎಂದು ಕೇಳಿ, ಆ ಕಾಡತೂಸನ್ನು ಒಳಗೆ ತೆಗೆದುಕೊಂಡು ಹೋಗಿ ಏಳು ಸಲ ಅಳೆದೆ. ಏಳು ಸಲವೂ ಎರಡೇ ಬಂತು. ಎಂಟನೆಯ ಸಲಕ್ಕೆ ಅವರು ಕೈಯಿಂದ ಕಿತ್ತುಕೊಂಡರು. ಕೆನ್ನೆಯನ್ನು ರೈಫಲ್ಲಿನ ಮರದ ಹಿಡಿಗೆ ಒತ್ತಿ, ಎರಡೂ ಕಣ್ಣು ಮುಚ್ಚಿ ಹಾರಿಸಿದೆ. ಗುಂಡು ಎಲ್ಲಿಗೆ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ, ಗುರಿಯ ಹಲಗೆಯಂತೂ ಹಾಗೇ ಇತ್ತು. ಆದರೆ ಕೆನ್ನೆ ಇತ್ತು, ಖಾಲಿ ಹಿತ್ತಾಳೆಯೂ ನೆಟ್ಟಗೆ ಹೊರಬಂತು. ಅಬು ಸಾಲಿಂ ಅದನ್ನು ಬೆಳಕಿಗೆ ಹಿಡಿದು ಬುಡ ನೋಡಿ, ಈಗ ಕೆಲಸ ಆಯಿತು ಎಂದರು.

ಅವರ ಮಟ್ಟಿಗೆ ಆಯಿತು. ನನ್ನ ಮಟ್ಟಿಗೆ ಆಗಿಲ್ಲ. ಮಾಡಿದವನೇ ಮೊದಲು ಮುಂದೆ ನಿಲ್ಲಬೇಕು ಎಂಬ ಪದ್ಧತಿ ಒಮ್ಮೆ ತಲೆಗೆ ಹೊಕ್ಕಿತೆಂದರೆ, ಇಷ್ಟು ವರ್ಷ ನನ್ನ ಕೈಯಿಂದ ಏನೇನು ಸಡಿಲವಾಗಿ ಹೋಗಿದೆ ಎಂದು ನೆನಪು ಹುಡುಕತೊಡಗುತ್ತದೆ. ನಾವಿರುವ ಕಟ್ಟಡದ ಲಿಫ್ಟಿನ ಗಾಲಿಗಳಿಗೆ ಹೋದ ವರ್ಷ ಬುಶ್ ಎಂಬ ಲೋಹದ ಬಳೆಗಳನ್ನು ಹಾಕಿಸಿದರಲ್ಲ, ಅವು ನಮ್ಮ ವರ್ಕ್‌ಶಾಪಿನವು. ಲೇತಿನಲ್ಲಿ ಅವನ್ನು ಕಡೆದವನು ನಾನೇ. ಹದಿನೈದು ದಿನದಿಂದ ಏಳನೆಯ ಮಹಡಿಗೆ ಮೆಟ್ಟಿಲು ಹತ್ತುತ್ತಿದ್ದೇನೆ. ಗಂಡನಿಗೆ ಕೊನೆಗೂ ಆರೋಗ್ಯದ ಮೇಲೆ ಗಮನ ಬಂತೆಂದು ಸುಧಾ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ, ಲಿಫ್ಟಿನಲ್ಲಿ ನಿಂತು.