ನೆಫೇರಿಯಸ್ ಮೈದುನ

ನಾಲ್ಕಕ್ಷರ ಇಂಗ್ಲಿಷ್ ಕಲಿತವನಿಗೆ ನಮ್ಮ ಸೀಮೆಯಲ್ಲಿ ವಿಶ್ರಾಂತಿಯಿಲ್ಲ. ಪೂರ್ತಿ ಕಲಿತವರು ಬೆಂಗಳೂರು ಸೇರುತ್ತಾರೆ. ಏನೂ ಕಲಿಯದವರು ಮಧ್ಯಾಹ್ನ ನಿದ್ದೆ ಮಾಡುತ್ತಾರೆ. ನಡುವೆ ಸಿಕ್ಕಿಬಿದ್ದ ನಾನು ಚಳ್ಳಕೆರೆಯಲ್ಲಿ ತಾಲ್ಲೂಕಿನ ಅಮಲ್ದಾರರ ಕಚೇರಿಯ ಮುಂದೆ ಬೇವಿನ ಮರದಡಿ ಕೂತು ಅರ್ಜಿ ಬರೆಯುತ್ತೇನೆ. ಬರೆದದ್ದನ್ನು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿ ತೋರಿಸಬೇಕು. ಅರ್ಥವಾಗದಿದ್ದರೆ ಚಿಂತೆಯಿಲ್ಲ, ಗುಡುಗದಿದ್ದರೆ ಜನ ಒಪ್ಪುವುದಿಲ್ಲ. ಅದಕ್ಕೇ ನಿಘಂಟಿನಿಂದ ‘ನೆಫೇರಿಯಸ್’ ಎಂಬ ಪದವನ್ನು ಹಿಡಿದು ತಂದಿದ್ದೆ. ಘೋರ ದುಷ್ಟ ಎಂದರ್ಥ. ರಾಜದ್ರೋಹಿಗಳಿಗೂ ಕೊಲೆಗಡುಕರಿಗೂ ಮೀಸಲಾದ ಪದ. ನಾನು ಅದನ್ನು ಕೋಳಿ ಕದ್ದವರಿಗೆಲ್ಲ ಹಚ್ಚಿ, ಒಮ್ಮೆ ತೊಲೆ ತಿಂದ ಗೆದ್ದಲಿಗೂ ಹಚ್ಚಿದ್ದೆ.

ಹೀಗಿರುವಾಗ ಕೊಂಡ್ಲಹಳ್ಳಿಯ ತಿಪ್ಪವ್ವ ಬಂದಳು. ಮೈದುನ ಬೊಮ್ಮಣ್ಣ ಜಗಳವಾಡಿ, ಅವಳ ಹೊಲದ ದಾರಿಗೆ ಜಾಲಿಮುಳ್ಳಿನ ಬೇಲಿ ಹಾಕಿದ್ದ. “ಮಳೆ ಬಂದೈತೆ ತಮ್ಮಾ, ಹದ ಆರೋಗ್ತೈತೆ. ಬೇಲಿ ತೆಗ್ಸಿಕೊಡು, ಸಜ್ಜೆ ಬಿತ್ಕಂತೀನಿ” ಎಂದಳು. ನಾನು ಅರ್ಜಿಯಲ್ಲಿ ಬೊಮ್ಮಣ್ಣನಿಗೆ ಮೂರು ಸಲ ನೆಫೇರಿಯಸ್ ಹಚ್ಚಿದೆ. ಓದಿದಾಗ ಮರದ ಕಾಗೆಗಳು ಹಾರಿಹೋದವು. ತಿಪ್ಪವ್ವನಿಗೆ ತೃಪ್ತಿಯಾಯಿತು.

ಮೂರನೇ ದಿನ ಅವಳೇ ತಿರುಗಿ ಬಂದಳು. “ಬೇಲಿ ತೆಗಿ ಅಂದ್ರೆ ಮೈದುನನ್ನೇ ತೆಗ್ದುಬಿಟ್ಯಲ್ಲೋ!” ಪೊಲೀಸರು ಬೊಮ್ಮಣ್ಣನನ್ನು ಮೊಳಕಾಲ್ಮೂರಿನ ಠಾಣೆಗೆ ಒಯ್ದಿದ್ದರಂತೆ. ಬೇಲಿ ಸಾಕ್ಷಿಯಾದ್ದರಿಂದ ಯಾರೂ ಮುಟ್ಟಕೂಡದಂತೆ. “ಅವ್ನೇನು ಕಳ್ಳನಾ? ಮೊಂಡ, ಅಷ್ಟೇ. ಮೊಂಡ ಅಂತ ಬರಿ!”

ನನ್ನ ಬಳಿ ಅಷ್ಟು ಸಣ್ಣ ಇಂಗ್ಲಿಷ್ ಇರಲಿಲ್ಲ. ಅಮಲ್ದಾರರೆದುರು ಕೈಮುಗಿದು ನಿಂತೆ.

“ಎಷ್ಟು ಜನರನ್ನ ಕೊಂದಿದಾನಯ್ಯ ಈ ಬೊಮ್ಮಣ್ಣ?”

“ಯಾರನ್ನೂ ಇಲ್ಲ ಸ್ವಾಮಿ. ಬೇಲಿ ಹಾಕಿದಾನೆ.”

ಅವರು ನನ್ನ ಅರ್ಜಿಯನ್ನು ಮಗುಚಿಟ್ಟರು. ಆಮೇಲೆ ಒಂದೇ ಸಾಲು ಕನ್ನಡದಲ್ಲಿ ಹುಕುಂ ಬರೆದರು: ಬೊಮ್ಮಣ್ಣನನ್ನು ಬಿಡುವುದು, ಬೇಲಿಯನ್ನು ಅರ್ಜಿ ಬರೆದವನೇ ಕೀಳುವುದು.

ಬಿಸಿಲಲ್ಲಿ ಮೊಳಕಾಲ್ಮೂರಿಗೆ ನಡೆದೆ. ಬಿಡಿಸಿಕೊಂಡ ಬೊಮ್ಮಣ್ಣನ ಹಿಂದೆ ಕೊಂಡ್ಲಹಳ್ಳಿಗೂ ನಡೆದೆ. ನಾನು ಮುಳ್ಳು ಎಳೆಯುತ್ತಿದ್ದರೆ ಅವನು ಬದುವಿನ ಮೇಲೆ ಎಲೆಅಡಿಕೆ ಮೆಲ್ಲುತ್ತ ಕೂತಿದ್ದ. “ಬುಡ ಹಿಡ್ದು ಎಳೀಲೇ! ಬರಿಯಾಕೆ ಮಾತ್ರ ಬರ್ತೈತಾ?” ಹದ ಆರುವ ಮುಂಚೆ ತಿಪ್ಪವ್ವನ ಕೂರಿಗೆ ಹೊಲಕ್ಕಿಳಿಯಿತು. ಬಿತ್ತನೆ ಮುಗಿಸಿ ಬಂದು ಅವಳು ಪಿನ್ನಿನಿಂದ ನನ್ನ ಅಂಗೈಯ ಮುಳ್ಳು ತೆಗೆಯತೊಡಗಿದಳು. ಬೊಮ್ಮಣ್ಣ ಹತ್ತಿರ ಸರಿದ.

“ಅದೇನಪ್ಪಾ ನನ್ಮೇಲೆ ಬರ್ದಿದ್ದು?”

ನಾನು ಪದ ಹೇಳಿದೆ, ಅರ್ಥವನ್ನೂ ಹೇಳಿದೆ. ಅವನು ಬೇಲಿಯಿದ್ದ ಜಾಗ ನೋಡಿದ, ಅತ್ತಿಗೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

“ಅಷ್ಟು ದೊಡ್ಡ ಮಾತು ನಂಗೆ ಜಾಸ್ತಿ ಆತು” ಎಂದ. “ನೀನೇ ಇಟ್ಕ.”